ಬೀಗರಿಗೆ ಮುಖ ಕೊಡದ ನಮ್ಮ ದೊಡ್ಡಪ್ಪ

ದೊಡ್ಡಪ್ಪನ ತಿಥಿಯ ಊಟಕ್ಕೆ ಕೂತವರೆಲ್ಲ ಒಂದೇ ಮಾತು ಆಡುತ್ತಿದ್ದರು. "ಕೊಟ್ಟ ಮಾತ್ಗೆ ತಪ್ದೋರಲ್ಲ ಕಣಪ್ಪಾ." ನಮ್ಮ ಪಾಂಡವಪುರದ ಸೀಮೆಯಲ್ಲಿ ಬೇಸಾಯಗಾರನೊಬ್ಬ ಹೋದಾಗ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಆಡುವುದಿಲ್ಲ. ಪಾಯಸ ಬಡಿಸುತ್ತಾ ನಾನು ಅದನ್ನು ಹತ್ತು ಸಲ ಕೇಳಿದೆ. ಹತ್ತನೆಯ ಸಲಕ್ಕೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ನಿಂತುಕೊಂಡೆ. ಅವರು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮಾತು ಉಳಿಸಿಕೊಳ್ಳುವುದಕ್ಕೆ ದೊಡ್ಡಪ್ಪ ಯಾರ ಮನಸ್ಸನ್ನು ಎಷ್ಟು ನೋಯಿಸಿದರು ಎಂಬುದು ಆ ಪಂಕ್ತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ನಮ್ಮಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಮ್ಮಿಬ್ಬರನ್ನೂ ಓದಿಸಿದ್ದು, ನನ್ನನ್ನು ಮೈಸೂರಿಗೆ ಮದುವೆ ಮಾಡಿ ಕೊಟ್ಟದ್ದು, ತಮ್ಮನಿಗೆ ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಓದು ಓದಿಸಿದ್ದು ಎಲ್ಲ ಅವರೇ. ಎತ್ತರದ ಆಳು. ನಡೆದರೆ ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ಒಂದರ ಮುಂದೊಂದು ಹೆಜ್ಜೆ, ಮೈಸೂರಿನ ಅಗಲವಾದ ರಸ್ತೆಯಲ್ಲೂ ಅದೇ ನಡಿಗೆ. ಹೆಗಲ ಮೇಲೆ ಸದಾ ಒಂದು ಟವೆಲು. ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆ ಬಂದರೆ ಆ ಟವೆಲು ತೆಗೆದು, ಮೊದಲೇ ಚೊಕ್ಕಟವಾಗಿದ್ದ ಜಗಲಿಯನ್ನು ಎರಡು ಸಲ ಝಾಡಿಸಿ, "ನೋಡಾನ" ಎನ್ನುವರು.

ಜೀವಮಾನದಲ್ಲಿ ಅವರು ಯಾರಿಗೂ "ಇಲ್ಲ" ಎಂದದ್ದನ್ನು ನಾನು ಕೇಳಿಲ್ಲ. ಎತ್ತು ಕೇಳಿ ಬಂದವರಿಗೂ ನೋಡಾನ, ಪಂಚಾಯ್ತಿ ಚುನಾವಣೆಗೆ ನಿಲ್ಲಿ ಎಂದವರಿಗೂ ನೋಡಾನ. ಆದರೆ ಅಪ್ಪಿತಪ್ಪಿ "ಆಯ್ತು" ಎಂದರೋ, ಮುಗಿಯಿತು. ಒಂದು ವರ್ಷ ಪಕ್ಕದ ಗದ್ದೆಯ ಹೆಂಗಸಿಗೆ, ಗಂಡನಿಲ್ಲದವಳು, "ಮೊದ್ಲ ನೀರು ನಿಂಗೇ ಬುಡ್ತೀನಿ" ಎಂದಿದ್ದರು. ನಾಲೆಯ ನೀರು ಎರಡು ದಿನ ಮುಂಚೆಯೇ ನಿಂತುಹೋಯಿತು. ಅವಳ ಗದ್ದೆ ನೆನೆಯಿತು, ನಮ್ಮ ಸಸಿಮಡಿ ಒಣಗಿತು. ದೊಡ್ಡಮ್ಮ ಸಿಟ್ಟಿಗೆದ್ದು, "ನಿನ್ ಮಾತ್ನೇ ಮುದ್ದೆ ಕಟ್ಕಂಡು ಉಣ್ಣು, ಓಗು" ಎಂದು ಅಂದು ಅವರಿಗೆ ತಟ್ಟೆಯನ್ನೇ ಇಡಲಿಲ್ಲ. ದೊಡ್ಡಪ್ಪ ಹಸಿದುಕೊಂಡೇ ನಕ್ಕರು. "ಬಾಯಿಂದ ಬಿದ್ ಮಾತು ನೆಲಕ್ ಚೆಲ್ಲಿದ್ ಹಾಲು ಕಣೆ. ಬಳ್ಕೊಳಕ್ಕಾಯ್ತದಾ?"

ಈ ಮಾತನ್ನು ಆಗ ನಾನೂ ಹೆಮ್ಮೆಯಿಂದ ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಓದು ಮುಗಿಸಿದ ತಮ್ಮ ಇಲ್ಲಿಯೇ ಎರಡು ವರ್ಷ ದುಡಿದು, ಆಮೇಲೆ ಮಾರಿಷಸ್ಸಿನ ಕಬ್ಬಿನ ಕಾರ್ಖಾನೆಗೆ ಹೋದ. ಅಲ್ಲಿಯೇ ಒಬ್ಬ ಹುಡುಗಿಯನ್ನು ಮೆಚ್ಚಿ, ಅಲ್ಲಿನ ಗುಡಿಯಲ್ಲೇ ತಾಳಿ ಕಟ್ಟಿ, ಆಮೇಲೆ ಕಾಗದ ಬರೆದ. ತೊಂಬತ್ತರ ದಶಕದ ಅರ್ಧ ಕಳೆದಿತ್ತು. ಊರಿನಲ್ಲಿ ಫೋನಿದ್ದದ್ದು ಒಂದೇ ಅಂಗಡಿಯಲ್ಲಿ. ಕಾಗದವನ್ನು ನಾನೇ ಓದಿ ಹೇಳಿದೆ. ದೊಡ್ಡಪ್ಪ ಜಗಲಿ ಝಾಡಿಸಿದರು. "ನೋಡಾನ."

ಮರುವರ್ಷದ ಬೇಸಗೆಯಲ್ಲಿ ಬೀಗರು ಬರುತ್ತಾರೆಂದು ಸುದ್ದಿ ಬಂತು. ತಮ್ಮನ ಹೆಂಡತಿಗೆ ಏಳು ತಿಂಗಳಾಗಿದ್ದರಿಂದ ಅವರಿಬ್ಬರೂ ಬರುವಂತಿರಲಿಲ್ಲ. ಅವಳ ಅಪ್ಪ ಅಮ್ಮ ಇಬ್ಬರೇ, ಗಂಡಿನ ಮನೆಯವರನ್ನು ಕಂಡು ಸಂಬಂಧವನ್ನು ಸರಿಮಾಡಿಕೊಂಡು ಹೋಗಲು ಬರುತ್ತಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು ಮನೆಯಲ್ಲಿ ನಾನೊಬ್ಬಳೇ. ನನ್ನ ಬೇಸಗೆ ರಜೆ ಹಾಗೆ ಹೋಯಿತು.

ಬಾಡಿಗೆ ಅಂಬಾಸಿಡರಿನಿಂದ ಅವರು ಇಳಿದಾಗ ನೋಡಲು ಬಂದಿದ್ದ ಊರವರಿಗೆ ನಿರಾಸೆಯಾಯಿತು. ವಿದೇಶದವರು ಎಂದರೆ ಬಿಳಿಯರು ಇರಬೇಕೆಂದು ಕಾದಿದ್ದರು. ಇಳಿದವರು ನಮ್ಮ ಹಾಗೇ ಇದ್ದರು. ಬೀಗರು ನಿವೃತ್ತ ಬಸ್ ಡ್ರೈವರು, ಸಣ್ಣ ಮೈಕಟ್ಟು, ನೀಟಾಗಿ ಇಸ್ತ್ರಿ ಮಾಡಿದ ಷರಟು. ಬೀಗಿತಿ ದಪ್ಪನೆಯ ಹೆಂಗಸು, ಹಣೆ ತುಂಬ ಕುಂಕುಮ, ಬಾಯಿ ತೆರೆದರೆ ನಮಗೆ ಒಂದಕ್ಷರವೂ ತಿಳಿಯದ ಅವರ ದ್ವೀಪದ ಕ್ರಿಯೋಲು ಮಾತು, ನಡುನಡುವೆ ಸಿನಿಮಾ ನೋಡಿ ಕಲಿತ ಹಿಂದಿ. ಬೀಗರಿಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು.

ದೊಡ್ಡಪ್ಪ ಬಾಗಿಲಿಗೆ ಬಂದು ಕೈ ಮುಗಿದರು, ಕಾಲಿಗೆ ನೀರು ಕೊಡಿಸಿದರು. ಅಲ್ಲಿಗೆ ಸರಿ. ಬೀಗಿತಿ ತಾವು ತಂದಿದ್ದ ತಟ್ಟೆಯನ್ನು ನಡುಮನೆಯಲ್ಲಿಟ್ಟರು. ಸೀರೆ, ಪಂಚೆ, ತೆಂಗಿನಕಾಯಿ, ಎಲೆಯಡಿಕೆ. ಯಾರು ಹೇಳಿಕೊಟ್ಟಿದ್ದರೋ, ಒಂದೂ ತಪ್ಪಿರಲಿಲ್ಲ. ನಮ್ಮ ಕಡೆ ಮನೆಯ ಹಿರೀಕ ಚಾಪೆಯ ಮೇಲೆ ಎದುರಿಗೆ ಕೂತು ಎಲೆಯಡಿಕೆ ಬದಲಾಯಿಸಿಕೊಂಡರೆ ಮಾತ್ರ ಬೀಗರು ಬೀಗರಾಗುವುದು. ಅಲ್ಲಿಯವರೆಗೆ ಅವರು ಬರಿಯ ನೆಂಟರು, ಹಿರೀಕ ಅವರ ಪಂಕ್ತಿಯಲ್ಲಿ ಕೂತು ಉಣ್ಣುವ ಹಾಗೂ ಇಲ್ಲ.

ದೊಡ್ಡಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ದಣ್ದು ಬಂದವ್ರೆ. ಮೊದ್ಲು ಊರು ಕೇರಿ ನೋಡ್ಲಿ. ನಾಳಿಕೆ ಶ್ರೀರಂಗಪಟ್ಣ ತೋರ್ಸ್ಕಂಡ್ ಬಾರಮ್ಮಿ. ಇದೆಲ್ಗೋದದು?"

ಶ್ರೀರಂಗಪಟ್ಟಣ ಒಂದು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡೆ. ಕೋಟೆ, ರಂಗನಾಥನ ಗುಡಿ, ದರಿಯಾ ದೌಲತ್ತು, ಗುಂಬಜು ಎಲ್ಲ ನೋಡಿ ಸಂಜೆ ಬಂದರೆ ದೊಡ್ಡಪ್ಪ ಮನೆಯಲ್ಲಿಲ್ಲ. ಕಾರಿನವನಿಗೆ ಮಾತ್ರ ಹೇಳಿ ಹೋಗಿದ್ದರು, ನಾಳೆ ರಂಗನತಿಟ್ಟು. ಅದರ ಮರುದಿನ ಕನ್ನಂಬಾಡಿ ಕಟ್ಟೆ. ಅದರ ಮರುದಿನ ಮೇಲುಕೋಟೆ. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಸಂಜೆ ನಾವು ಊಟ ಮುಗಿಸಿದ ಮೇಲೆ ಹಿತ್ತಲ ಬಾಗಿಲಿಂದ ಬರುತ್ತಿದ್ದರು. ಜಮೀನಿನ ಕೆಲಸ ಎಂದು ಬೀಗರಿಗೆ ನಾನು ಸುಳ್ಳು ಹೇಳುತ್ತಿದ್ದೆ. ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಬಿರಿದು ಬಾಯಿ ಬಿಟ್ಟ ಗದ್ದೆಗಳ ಪಕ್ಕದಲ್ಲೇ ನಮ್ಮ ಕಾರು ದಿನವೂ ಹೋಗುತ್ತಿತ್ತು.

ಬೀಗಿತಿಗೆ ಮೊಣಕಾಲು ನೋವು. ಮೇಲುಕೋಟೆಯ ಬೆಟ್ಟದ ಮೆಟ್ಟಿಲನ್ನು ಅರ್ಧ ಹತ್ತಿ ಕೂತುಬಿಟ್ಟರು. "ಬಸ್. ಮಂದಿರ್ ಬಸ್" ಎಂದು ಕೈ ಎತ್ತಿದರು. ಆದರೆ ಪ್ರತಿ ಬೆಳಿಗ್ಗೆ ಮಾತ್ರ ತಟ್ಟೆಯಲ್ಲಿ ಬಾಡಿದ ವೀಳ್ಯದೆಲೆ ತೆಗೆದು, ಹಿಂದಿನ ದಿನ ದಾರಿಯಲ್ಲಿ ಕೊಂಡು ತಂದಿದ್ದ ಹೊಸ ಎಲೆ ಜೋಡಿಸುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮವ್ವನನ್ನು ಕೇಳಿದರೆ, "ನಂಗೇನ್ ಗೊತ್ತವ್ವಾ, ಗಂಡಸ್ರ ಯವಾರ" ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ಬೀಗರ ಕತೆ ನನಗೆ ತಿಳಿದದ್ದು ಪಾಲಹಳ್ಳಿಯ ಹತ್ತಿರ. ಕಾರು ನಿಲ್ಲಿಸಿ ಎಂದರು. ಹಿಂದಿನ ಸೀಟಿನಲ್ಲಿ ಕೂತಿದ್ದರೂ ಪ್ರತಿ ತಿರುವಿನಲ್ಲಿ ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಿದ್ದವರು, ಈಗ ಇಳಿದು ಹೋಗಿ ಕಬ್ಬಿನ ಗದ್ದೆಯ ಅಂಚಿನಲ್ಲಿ ನಿಂತರು. ಒಂದು ಗರಿಯನ್ನು ಬೆರಳಲ್ಲಿ ಸವರಿದರು. ಜೇಬಿನಿಂದ ಮಡಿಸಿದ ಕಾಗದ ತೆಗೆದು ನನಗೆ ಕೊಟ್ಟರು. ಅವರ ಮುತ್ತಜ್ಜ ಮದರಾಸಿನಿಂದ ಹಡಗು ಹತ್ತಿ ಕಬ್ಬಿನ ಕೂಲಿಗೆ ಹೋದವನು. ಆ ಹಳೆಯ ದಾಖಲೆಯ ನಕಲು ಅದು. ಒಂದು ನಂಬರು, ಒಂದು ಹೆಸರು, ಊರು ಎಂಬಲ್ಲಿ ಶಾಯಿ ಹರಡಿ ಕಲೆಯಾಗಿತ್ತು. ಕೊನೆಯ ಐದಕ್ಷರ ಮಾತ್ರ ಕಾಣುತ್ತಿತ್ತು. ಯಾರೋ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದದ್ದು, ಓದಿದರೆ "ಹಳ್ಳಿ" ಎಂದಾಗುತ್ತಿತ್ತು.

"ನಿಮ್ಮ ಭಾಷೆಯಲ್ಲಿ ಊರಿಗೆ ಹಳ್ಳಿ ಎನ್ನುತ್ತಾರಂತೆ, ಅಳಿಯ ಹೇಳಿದ" ಎಂದರು. ಆಮೇಲೆ ಪ್ರತಿ ಊರಿನ ಬೋರ್ಡು ಬಂದಾಗಲೂ ನಾನು ಓದಿ ಹೇಳಬೇಕಾಯಿತು. ಪಾಲಹಳ್ಳಿ, ಮಾಕವಳ್ಳಿ, ಇನ್ನೊಂದು ಹಳ್ಳಿ, ಮತ್ತೊಂದು ಹಳ್ಳಿ. ಮಂಡ್ಯ ಜಿಲ್ಲೆಯಲ್ಲಿ ಹಳ್ಳಿಗಳಿಗೆ ಬರವೇ? ಪ್ರತಿಯೊಂದನ್ನೂ ಅವರು ಬಾಯಲ್ಲಿ ಒಮ್ಮೆ ಹೇಳಿ ನೋಡುತ್ತಿದ್ದರು.

ಎಂಟನೆಯ ದಿನ ನಾಗಮಂಗಲ. ಸೌಮ್ಯಕೇಶವನ ಗುಡಿ ನೋಡಿ, ಬಸ್ ಸ್ಟ್ಯಾಂಡಿನ ಎದುರು ಎಳನೀರು ಕುಡಿಯುತ್ತಿದ್ದೆವು. ಬೀಗಿತಿ ನನ್ನ ತೋಳು ಹಿಡಿದು ಎಳೆದರು. "ದೇಖೋ, ದೇಖೋ." ರಸ್ತೆಯ ಆಚೆ, ಒಗೆದ ಪಂಚೆ, ಹೊಸ ಷರಟು, ಹೆಗಲ ಮೇಲೆ ಟವೆಲು, ದೊಡ್ಡಪ್ಪ. ಬೀಗರು ಖುಷಿಯಿಂದ ಕೈ ಬೀಸಿ ಕೂಗಿದರು. ದೊಡ್ಡಪ್ಪ ತಿರುಗಿದರು. ನಮ್ಮ ಮೂವರನ್ನೂ ನೋಡಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಕೆ.ಆರ್. ಪೇಟೆಯ ಬಸ್ಸು ಹೊರಡುವುದರಲ್ಲಿತ್ತು. ಅವರು ಅದರ ಹಿಂಬಾಗಿಲಿನಿಂದ ಹತ್ತಿ ಒಳಗೆ ಹೋಗಿಬಿಟ್ಟರು.

ಬೀಗರ ಎತ್ತಿದ ಕೈ ಹಾಗೆಯೇ ಇತ್ತು. ಮೆಲ್ಲಗೆ ಇಳಿಸಿ ಎಳನೀರಿನ ಬುರುಡೆಯನ್ನು ಕೆಳಗಿಟ್ಟರು. ಊರು ಮುಟ್ಟುವವರೆಗೆ ಒಂದು ಬೋರ್ಡನ್ನೂ ಓದಿಸಲಿಲ್ಲ.

ಮಾರನೆಯ ಬೆಳಿಗ್ಗೆ ಬೇಗ ಎದ್ದು ಕೊಟ್ಟಿಗೆಯ ಬಾಗಿಲಲ್ಲೇ ದೊಡ್ಡಪ್ಪನನ್ನು ಹಿಡಿದೆ. "ಅವ್ರ ಜಾತಿ ಗೊತ್ತಿಲ್ಲ ಅಂತ ತಾನೆ ದೊಡ್ಡಪ್ಪ? ನೇರ ಯೋಳ್ಬುಡು. ದಿನಾ ಅವ್ರನ್ನ ಗುಡಿ ಗೋಪುರ ಸುತ್ಸಿ ಸುತ್ಸಿ ಯಾಕ್ ಸಾಯಿಸ್ತೀಯ?"

ಟವೆಲಿಗೆ ಕೈ ಹೋಯಿತು. ನಾನು ಅದನ್ನು ಕಿತ್ತುಕೊಂಡೆ. ಮೊದಲ ಸಲ ಅವರೆದುರು ಹಾಗೆ ನಡೆದುಕೊಂಡದ್ದು. ಅವರು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತರು.

"ಅದೂ ಐತೆ. ಇಲ್ಲ ಅನ್ನಕಿಲ್ಲ. ಆದ್ರೆ ಅದ್ಕಲ್ಲ" ಎಂದರು. "ನಿಮ್ಮತ್ತೆ ಸಾಯೋವಾಗ ನನ್ ಕೈ ಇಡ್ಕಂಡು ಕೇಳುದ್ಲು. ನನ್ ಮಗ್ಳುನ್ನ ನಿನ್ ಮನೆಗೇ ತಂದ್ಕಳಣ್ಣ ಅಂದ್ಲು. ಆಯ್ತು ಅಂದ್ಬುಟ್ಟೆ. ನಿನ್ ತಮ್ಮುಂಗೆ ಅಂತ್ಲೇ."

ಅತ್ತೆ ಎಂದರೆ ದೊಡ್ಡಪ್ಪನ ಒಬ್ಬಳೇ ತಂಗಿ. ಕಿಕ್ಕೇರಿಯ ಕಡೆಗೆ ಕೊಟ್ಟಿತ್ತು. ಅವಳ ಮಗಳು ಸಾವಿತ್ರಿಗೆ ಆಗ ಇಪ್ಪತ್ತೆರಡು ವರ್ಷ.

"ಈಗೇನು ಮಾಡೋಕಾಗುತ್ತೆ? ಅವನು ಮದ್ವೆಯಾಗಿ ಆಯ್ತು."

"ಅದ್ಕೇ ಗಂಡು ನೋಡ್ತಾ ಇವ್ನಿ. ನಾಗಮಂಗ್ಲ, ಕೆ.ಆರ್. ಪೇಟೆ ಎಲ್ಲಾ ತಿರುಗ್ದೆ. ಆ ಎಣ್ಣು ಒಂದ್ ಮನೆ ಸೇರ್ಲಿ. ಅವ್ಳ ಕುತ್ಗೆಗೆ ತಾಳಿ ಬೀಳೋಗಂಟ ಇನ್ನೊಬ್ರ ಎಲೆಯಡಿಕೆ ನಾ ಮುಟ್ಟಕಿಲ್ಲ. ಮುಟ್ಟುದ್ರೆ ನಮ್ ತಂಗಿಗೆ ಮೋಸ ಮಾಡ್ದಂಗೆ."

"ಇದನ್ನೇ ಅವ್ರಿಗೆ ಹೇಳ್ತೀನಿ. ಅರ್ಥ ಮಾಡ್ಕೋತಾರೆ."

ಅವರು ತಟ್ಟನೆ ತಿರುಗಿದರು. "ಯೋಳ್ಬ್ಯಾಡ! ಅಲ್ಲಿ ಬಸ್ರಿ ಎಂಗ್ಸು, ನನ್ ಗಂಡುಂಗೆ ಮುಂಚೇನೇ ಒಬ್ಳುನ್ನ ಗೊತ್ ಮಾಡಿದ್ರು ಅಂತ ಕೇಳಿದ್ರೆ ಅವ್ಳ ಮನ್ಸು ಎಂಗಾಯ್ತದೆ? ಇಲ್ಲಿ ಇವ್ಳುನ್ನ ಬುಟ್ಟೋದ್ರು ಅಂತ ಆಡ್ಕೊಂಡ್ರೆ ಯಾವನ್ ಬಂದು ಕಟ್ಕತಾನೆ? ಸಾವಿತ್ರಿ ಮದ್ವೆ ಆಗೋಗಂಟ ಬಾಯ್ ಬುಡಕಿಲ್ಲ ಅಂತ ಮಾತ್ ಕೊಡಮ್ಮಿ."

ಕೊಟ್ಟೆ. ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುವುದು ಅದಕ್ಕೆ. ಅವರನ್ನು ಬೈಯುತ್ತಾ ಬೈಯುತ್ತಾ ಅವರದೇ ಬಲೆಗೆ ಬಿದ್ದೆ. ಸರಿ ಎಂದೂ ಅನ್ನಿಸಿತ್ತು, ಅದೇ ಕಷ್ಟ.

ಹತ್ತನೆಯ ದಿನ ಹೊಸಹೊಳಲಿನ ಗುಡಿ. ಗೋಡೆಯ ಕೆತ್ತನೆಯನ್ನು ಯಾರೂ ನೋಡಲಿಲ್ಲ. ಬೀಗಿತಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಬೀಗರು ಹೊರಗೆ ಕಲ್ಲುಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತರು.

"ಒಂದು ಕೇಳಲಾ ಮಗಳೇ?" ಎಂದರು, ಇಂಗ್ಲಿಷಿನಲ್ಲಿ. "ನಮ್ಮ ಊರು ಯಾವುದು ಎಂದು ನಮಗೆ ಹೇಳಲು ಬರುವುದಿಲ್ಲ. ಕೂಲಿಯವರ ಮೊಮ್ಮಕ್ಕಳು ನಾವು. ಅದಕ್ಕಲ್ಲವೇ ನಿಮ್ಮ ದೊಡ್ಡಪ್ಪ ನಮ್ಮ ಎದುರಿಗೆ ಕೂರದೆ ಇರುವುದು?"

ಅಲ್ಲ ಎಂದೆ. ಹಾಗಾದರೆ ಯಾಕೆ ಎಂದರು. ನನ್ನ ಬಾಯಲ್ಲಿ ಉತ್ತರವಿತ್ತು. ನುಂಗಿದೆ. ಕೆಲಸ, ವಯಸ್ಸು, ಸಂಕೋಚದ ಸ್ವಭಾವ ಎಂದು ಏನೇನೋ ತಡವರಿಸಿದೆ. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಎಷ್ಟು ಜನರ ಸುಳ್ಳು ಕೇಳಿರಲಿಕ್ಕಿಲ್ಲ? ನನ್ನ ಕೈ ತಟ್ಟಿ, "ಇರಲಿ, ನಿನ್ನ ತಪ್ಪಲ್ಲ" ಎಂದು ಎದ್ದರು.

ಹೊರಡುವ ದಿನ ದೊಡ್ಡಪ್ಪ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಬೆಲ್ಲದ ಬುಟ್ಟಿ, ಇಪ್ಪತ್ತು ತೆಂಗಿನಕಾಯಿ ಹೇರಿಸಿದ್ದರು, ವಿಮಾನದವರು ಬಿಡುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳದೆ. ಬೀಗಿತಿ ಸೀರೆ, ಪಂಚೆಯನ್ನು ನಡುಮನೆಯಲ್ಲೇ ಬಿಟ್ಟರು. ಎಲೆಯಡಿಕೆಯನ್ನು ಮಾತ್ರ ತಮ್ಮ ಚೀಲಕ್ಕೆ ಹಾಕಿಕೊಂಡರು. ಕಾರು ಮರೆಯಾದ ಮೇಲೆ ದೊಡ್ಡಪ್ಪ, "ಬೋ ಒಳ್ಳೆ ಜನ ಕಣಮ್ಮಿ" ಎಂದರು. ನಾನು ಅವರೊಡನೆ ನಾಲ್ಕು ತಿಂಗಳು ಮಾತು ಬಿಟ್ಟೆ.

ಸಾವಿತ್ರಿಯ ಮದುವೆಯಾಗಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಗಂಡು ನಾಗಮಂಗಲದ ಕಡೆಯವನು, ಹಾಲಿನ ಡೈರಿಯಲ್ಲಿ ಕೆಲಸ. ಅರಿಸಿನದ ಮೈಯಲ್ಲಿ ಕೂತಿದ್ದ ಸಾವಿತ್ರಿ ನನ್ನ ಕಿವಿಯಲ್ಲಿ ಹೇಳಿದಳು, "ಅಕ್ಕಾ, ನಿನ್ ತಮ್ಮುನ್ನ ಕಟ್ಕಳಕಿಲ್ಲ ಅಂತ ನಾನು ಮಾವುಂಗೆ ಯಾವಾಗ್ಲೋ ಯೋಳಿದ್ದೆ. ಅಣ್ಣ ತಂಗಿ ತರ ಬೆಳ್ದವ್ರು ನಾವು. ಮಾವ ಏನಂದ್ರು ಗೊತ್ತಾ? ಇದು ನಿಂಗೂ ನಂಗೂ ಆಗಿರೋ ಮಾತಲ್ಲ, ನಿಮ್ಮವ್ವುಂಗೂ ನಂಗೂ ಆಗಿರೋ ಮಾತು, ನೀ ಸುಮ್ಕಿರು ಅಂದ್ರು." ಅವಳಿಗೆ ನಗು. ನನಗೆ ಮಂಟಪದ ಕಂಬಕ್ಕೆ ತಲೆ ಚಚ್ಚಿಕೊಳ್ಳುವಷ್ಟು ರೋಷ.

ಮದುವೆಯ ಮೂರನೆಯ ದಿನ ದೊಡ್ಡಪ್ಪ ಮೈಸೂರಿನ ನಮ್ಮ ಮನೆಗೆ ಬಂದರು. ಚೀಲದಲ್ಲಿ ಎಲೆಯಡಿಕೆ, ಬೀಗರಿಗೆಂದು ಜರಿಯಂಚಿನ ಪಂಚೆ. "ಈಗ ಕಾಗ್ದ ಬರಿ. ಎಲ್ಲಾನೂವೆ ಬರಿ. ಬೀಗ್ರು ಬರ್ಲಿ, ಕೂತ್ಕಳಾನ" ಎಂದರು. ಒಂದೂ ಬಿಡದೆ ಬರೆದೆ. ನಾಗಮಂಗಲದ ಬಸ್ಸಿನ ವಿಷಯವನ್ನೂ ಬರೆದೆ.

ಕಾಗದ ಅಲ್ಲಿಗೆ ಮುಟ್ಟುವುದಕ್ಕೆ ಐದು ದಿನ ಮೊದಲು ಬೀಗರು ಹೃದಯ ನಿಂತು ಹೋಗಿದ್ದರು. ಊರಿನ ಅಂಗಡಿಯ ಫೋನಿಗೆ ತಮ್ಮ ಕರೆ ಮಾಡಿ ತಿಳಿಸಿದ.

ದೊಡ್ಡಪ್ಪ ಮರುದಿನ ನನ್ನನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರು. ಹೊಳೆಯ ದಡದಲ್ಲಿ ಕೂತು, ತಮ್ಮ ಅಣ್ಣತಮ್ಮಂದಿರು ಸತ್ತಾಗ ಬೋಳಿಸಿದ ಹಾಗೆ, ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಂಡರು. ಎಳ್ಳುನೀರು ಬಿಡಿಸುವ ಪುರೋಹಿತರು ಸತ್ತವರು ನಿಮಗೇನಾಗಬೇಕು ಎಂದು ಕೇಳಿದರು.

"ನಮ್ ಬೀಗ್ರು" ಎಂದರು ದೊಡ್ಡಪ್ಪ.

"ಬೀಗರಿಗೆ ನೀವು ಮಾಡುವ ಕ್ರಮವಿಲ್ಲವಲ್ಲ. ಅವರ ಕಡೆಯವರು ಮಾಡುತ್ತಾರೆ."

"ಮಾಡ್ಸಿ ಸ್ವಾಮಿ. ನಾ ಬುಡ್ಬೇಕು."

ನೀರಿನಲ್ಲಿ ಸೊಂಟದವರೆಗೆ ನಿಂತ ಆ ಬೋಳು ತಲೆಯ ಮುದುಕರನ್ನು ನೋಡಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಬದುಕಿದ್ದಾಗ ರಸ್ತೆಯ ಆಚೆಯಿಂದ ಕೈ ಬೀಸಿದವರಿಗೆ ಅನ್ನಬಾರದಿತ್ತೇ ಬೀಗ್ರು ಎಂಬ ಈ ಒಂದು ಮಾತನ್ನು ಎಂದು ಹಲ್ಲು ಕಚ್ಚಿ ನಿಂತಿದ್ದೆ.

ಎರಡು ತಿಂಗಳ ಮೇಲೆ ಬೀಗಿತಿಯಿಂದ ಉತ್ತರ ಬಂತು. ಅವರು ಹೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ಊರಿಗೆ ತೆಗೆದುಕೊಂಡು ಹೋಗಿ ದೊಡ್ಡಪ್ಪನ ಎದುರು ಕೂತು ಕನ್ನಡದಲ್ಲಿ ಓದಿದೆ.

"ಕಾರಣ ಇದೆಂದು ತಿಳಿದಿದ್ದರೆ ನನ್ನ ಗಂಡ ನಕ್ಕುಬಿಡುತ್ತಿದ್ದರು. ಹುಡುಗಿಗೆ ಗಂಡು ಹುಡುಕಲು ತಾವೂ ನಿಮ್ಮ ಜೊತೆ ಹೊರಡುತ್ತಿದ್ದರು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಒಂದು ಮಾತ್ರ ಹೇಳಬೇಕು. ಇಲ್ಲಿಗೆ ಬಂದ ಮೇಲೆ ಅವರು ಮುತ್ತಜ್ಜನ ಊರನ್ನು ಹುಡುಕುವುದನ್ನು ಬಿಟ್ಟರು. ಹದಿನೈದು ವರ್ಷ ಹುಡುಕಿದ್ದರು. ಸಿಕ್ಕಿದರೂ ಅಲ್ಲಿನವರು ನಮ್ಮನ್ನು ಒಳಗೆ ಕರೆಯುವುದಿಲ್ಲ, ಬಿಡು ಎಂದರು."

ಓದಿ ಮುಗಿಸಿ, ಈಗಲಾದರೂ ಏನಾದರೂ ಅನ್ನಲಿ ಎಂದು ಕಾದೆ. ದೊಡ್ಡಪ್ಪ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಬೋಳಿಸಿದ ಮೀಸೆ ಮತ್ತೆ ಬೆಳ್ಳಗೆ ಬೆಳೆದಿತ್ತು. "ಸರ್ಯಾಗೇ ಬರ್ದವ್ರೆ" ಎಂದರು.

ನಾನು ಕಾಗದ ಮಡಿಸಲು ಹೋದೆ. ಕೈ ಅಡ್ಡ ಹಿಡಿದರು.

"ಆ ಕೊನೇದು ಇನ್ನೊಂದ್ಸಲ ಓದಮ್ಮಿ."

ಓದಿದೆ.